ಹ್ಯಾನೋವರ್‌ನ ಕೆಂಪು ದಾರ: ಗೈಡ್ ಇಲ್ಲದೆ ನಾವಿಬ್ಬರೇ ನಡೆಯಬಹುದಾ?

ಪ್ರಶ್ನೆ: ನಾನು ಶಿವಮೊಗ್ಗದವಳು, ನಿವೃತ್ತ ಶಿಕ್ಷಕಿ. ಮಗ ಜರ್ಮನಿಯ ಹ್ಯಾನೋವರ್‌ನ ಲೈಬ್ನಿಟ್ಸ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದುತ್ತಿದ್ದಾನೆ. ಏಪ್ರಿಲ್‌ನಲ್ಲಿ ನಾನೂ ನಮ್ಮ ಯಜಮಾನರೂ ಹೋಗಿ ಮೂರು ವಾರ ಇರುತ್ತೇವೆ. ಅವರಿಗೆ 66 ವರ್ಷ. ಮೊಣಕಾಲು ನೋವಿದೆ, ಶುಗರ್ ಇದೆ. ಮಗನಿಗೆ ವಾರವಿಡೀ ಕ್ಲಾಸು, ಉಳಿದ ಹೊತ್ತು ಪಾರ್ಟ್ ಟೈಮ್ ಕೆಲಸ. "ನೆಲದ ಮೇಲೆ ಕೆಂಪು ಗೆರೆ ಎಳೆದಿದ್ದಾರೆ ಅಮ್ಮ, ಅದರ ಮೇಲೇ ನಡೀರಿ, ಎರಡು ಗಂಟೆಯಲ್ಲಿ ಊರೆಲ್ಲ ನೋಡಬಹುದು" ಅಂತಾನೆ. ಗೈಡ್ ಇಲ್ಲದೆ ಹೋದರೆ ಬರೀ ಕಲ್ಲು ನೋಡಿ ಬಂದ ಹಾಗೆ ಅಂತ ನನ್ನ ನಾದಿನಿ. ಪರಿಚಯದವರೊಬ್ಬರು, ಯುದ್ಧದಲ್ಲಿ ಆ ಊರೇ ಸುಟ್ಟು ಹೋಗಿತ್ತು, ಈಗಿರುವುದೆಲ್ಲ ಡೂಪ್ಲಿಕೇಟು ಅಂದರು. ನಮಗೆ ಭಾಷೆ ಬರುವುದಿಲ್ಲ. ದಾರಿ ತಪ್ಪಿದರೆ ಏನು ಗತಿ? ಸಿಗ್ನಲ್ ನೋಡದೆ ರಸ್ತೆ ದಾಟಿದರೆ ದಂಡ ಹಾಕ್ತಾರಂತೆ, ನಿಜವಾ?

ಉತ್ತರ: ಹೋಗಬಹುದು ಮೇಡಂ, ಧೈರ್ಯವಾಗಿ ಹೋಗಿ. ಆದರೆ ಮಗ ಹೇಳಿದ ಲೆಕ್ಕದಲ್ಲಿ ಹೋಗಬೇಡಿ. ಎರಡು ಗಂಟೆ ಅನ್ನುವುದು ಇಪ್ಪತ್ತೈದು ವರ್ಷದ ಕಾಲಿನ ಲೆಕ್ಕ.

ನಾನು ಜರ್ಮನಿಗೆ ಬರುವ ನಮ್ಮ ಕಡೆಯ ಕುಟುಂಬಗಳಿಗೆ ಓಡಾಟದ ಪ್ಲಾನ್ ಮಾಡಿಕೊಡುವವನು. ಎಷ್ಟೋ ಸಲ ಜೊತೆಯಲ್ಲೂ ನಡೆದಿದ್ದೇನೆ. ಮಕ್ಕಳನ್ನು ನೋಡಲು ಬರುವ ಅಪ್ಪ-ಅಮ್ಮಂದಿರೆಲ್ಲ ಮೊದಲು ಕೇಳುವುದು ದಾರಿ ತಪ್ಪುವ ವಿಷಯವೇ. ಆದರೆ ಹ್ಯಾನೋವರ್‌ನಲ್ಲಿ ದಾರಿ ತಪ್ಪಿ ಕಂಗಾಲಾದವರನ್ನು ನಾನು ನೋಡಿಲ್ಲ. ಅರ್ಧ ದಾರಿಯಲ್ಲಿ ಸುಸ್ತಾಗಿ, ಮುಖ ಗಂಟಿಕ್ಕಿಕೊಂಡು, ಗಂಡ ಹೆಂಡತಿ ಮಾತು ಬಿಟ್ಟು ವಾಪಸಾದವರನ್ನು ಬೇಕಾದಷ್ಟು ನೋಡಿದ್ದೇನೆ.

ಮೊದಲು ಆ ಗೆರೆಯ ವಿಷಯ. ಅದರ ಹೆಸರು 'ರೋಟರ್ ಫಾಡನ್', ಅಂದರೆ ಕೆಂಪು ದಾರ. ದಾರಕ್ಕೂ ದಾರಿಗೂ ನಮ್ಮಲ್ಲಿ ಒಂದು ಗುಡಿಸಿನಷ್ಟೇ ವ್ಯತ್ಯಾಸ, ಟೀಚರಾದ ನಿಮಗೆ ನಾನು ಹೇಳಬೇಕಾಗಿಲ್ಲ. ರೈಲು ನಿಲ್ದಾಣದ ಎದುರಿನ ಪ್ರವಾಸಿ ಮಾಹಿತಿ ಕೇಂದ್ರದ ಹತ್ತಿರ ಶುರುವಾಗಿ, ಊರ ನಡುವೆ ಸುತ್ತು ಹಾಕಿ, ಮತ್ತೆ ನಿಲ್ದಾಣದ ಮುಂದಕ್ಕೇ ಬರುತ್ತದೆ. ಒಟ್ಟು 4.2 ಕಿಲೋಮೀಟರ್, ನೋಡುವ ಜಾಗ 36. ಪ್ರತಿ ಜಾಗಕ್ಕೂ ನಂಬರಿದೆ. ಯಾವ ನಂಬರಿನಲ್ಲಿ ಏನಿದೆ ಅಂತ ಹೇಳುವ ಪುಟ್ಟ ಪುಸ್ತಕ ಮಾಹಿತಿ ಕೇಂದ್ರದಲ್ಲಿ ಸಿಗುತ್ತದೆ, ಇಂಗ್ಲಿಷಿನಲ್ಲೂ ಇದೆ. ಹಿಂದಿನ ದಿನವೇ ತರಿಸಿಕೊಂಡು ರಾತ್ರಿ ಒಮ್ಮೆ ಓದಿಕೊಳ್ಳಿ. ಸ್ಥಳದಲ್ಲಿ ನಿಂತು ಓದುವುದಕ್ಕೂ ಓದಿಕೊಂಡು ಹೋಗುವುದಕ್ಕೂ ಬಹಳ ವ್ಯತ್ಯಾಸವಿದೆ.

ಗೆರೆ ಅಂದರೆ ನೆಲಕ್ಕೆ ಬಳಿದ ಬಣ್ಣ ಅಷ್ಟೇ. ಅಲ್ಲಲ್ಲಿ ಸವೆದಿರುತ್ತದೆ. ರಸ್ತೆ ಅಗೆದಿದ್ದರೆ ಮಾಯವಾಗಿರುತ್ತದೆ. ಸಂತೆ ನಡೆಯುವ ದಿನ ಯಾರದೋ ಅಂಗಡಿಯ ಕೆಳಗೆ ಹೋಗಿಬಿಟ್ಟಿರುತ್ತದೆ. ಗಾಬರಿ ಬೇಡ, ತಲೆ ಎತ್ತಿ ನೋಡಿ. ಊರ ನಡುವೆ ಎರಡು ಎತ್ತರದ ಗುರುತುಗಳಿವೆ. ಒಂದು ಮಾರುಕಟ್ಟೆ ಚರ್ಚಿನ ಇಟ್ಟಿಗೆ ಗೋಪುರ, ಇನ್ನೊಂದು ನಗರಪಾಲಿಕೆಯ ಹಸಿರು ಗುಮ್ಮಟ. ಎರಡೂ ನೂರು ಮೀಟರಿಗೆ ಚೂರು ಕಡಿಮೆ. ಗೆರೆ ತಪ್ಪಿದರೂ ಇವೆರಡರಲ್ಲಿ ಒಂದನ್ನು ಹಿಡಿದು ನಡೆದರೆ ಮತ್ತೆ ಗೆರೆ ಸಿಗುತ್ತದೆ. ಭಾಷೆಯ ಚಿಂತೆಯೂ ಬೇಡ. ಅಂಗಡಿ, ಹೋಟೆಲುಗಳಲ್ಲಿ ಇಂಗ್ಲಿಷ್ ಸಾಕು. ಮಾತು ಶುರು ಮಾಡುವ ಮುಂಚೆ ಒಂದು 'ಹಲೋ' ಹೇಳಿ, ಅದನ್ನು ಬಿಟ್ಟು ನೇರ ಪ್ರಶ್ನೆಗಿಳಿದರೆ ಅವರಿಗೆ ಒರಟು ಅನ್ನಿಸುತ್ತದೆ.

ಇಲ್ಲೇ ಒಂದು ಎಚ್ಚರಿಕೆ. ಜರ್ಮನಿಯ ಊರುಗಳಲ್ಲಿ ಫುಟ್‌ಪಾತಿನ ಪಕ್ಕದ ಸೈಕಲ್ ದಾರಿಗೂ ಎಷ್ಟೋ ಕಡೆ ಕೆಂಪು ಕಲ್ಲೇ ಹಾಸಿರುತ್ತಾರೆ. ಒಮ್ಮೆ ನನ್ನ ಜೊತೆ ಬಂದಿದ್ದ ಹಿರಿಯರೊಬ್ಬರು ಅದನ್ನೇ ಕೆಂಪು ದಾರ ಅಂದುಕೊಂಡು, ಕೈ ಹಿಂದೆ ಕಟ್ಟಿಕೊಂಡು, ಲಾಲ್‌ಬಾಗ್‌ನಲ್ಲಿ ವಾಕಿಂಗ್ ಹೋದ ಹಾಗೆ ನಡೆಯುತ್ತಿದ್ದರು. ಹಿಂದಿನಿಂದ ಟ್ರಿಣ್ ಟ್ರಿಣ್ ಅಂತ ಮೂರು ಸೈಕಲ್. ಪಕ್ಕಕ್ಕೆ ಹಾರಿದ್ದಕ್ಕೆ ಬಚಾವ್. ಕೆಂಪು ದಾರ ಅಂದರೆ ಅಂಗೈ ಅಗಲದ ಒಂದು ಪಟ್ಟಿ. ಇಡೀ ದಾರಿಯೇ ಕೆಂಪಗಿದ್ದರೆ ಅದು ಸೈಕಲ್ಲಿನವರದು, ಅದರ ಮೇಲೆ ಫೋಟೋ ತೆಗೆಯುತ್ತಾ ನಿಲ್ಲಬೇಡಿ. ನಿಮ್ಮ ಪಟ್ಟಿಯಲ್ಲಿದ್ದ ಎಲ್ಲ ಭಯಗಳಿಗಿಂತ ಇದೇ ದೊಡ್ಡ ಅಪಾಯ.

ದಂಡದ ಮಾತು ನಿಜ. ಕೆಂಪು ದೀಪ ಇದ್ದಾಗ ನಡೆದು ದಾಟಿದರೆ 5 ಯೂರೋ. ಹಣಕ್ಕಿಂತ ಜಾಸ್ತಿ ಮುಜುಗರ ಆಗುವುದು ಪಕ್ಕದಲ್ಲಿ ಮಗು ಹಿಡಿದು ನಿಂತ ತಾಯಿಯ ನೋಟದಿಂದ. ರಸ್ತೆ ಖಾಲಿ ಇದ್ದರೂ ಕಾಯಿರಿ. ಟ್ರಾಮಿನಲ್ಲಿ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ಮಾತ್ರ 60 ಯೂರೋ ಕಟ್ಟಬೇಕು, ಗೊತ್ತಿರಲಿಲ್ಲ ಅಂದರೆ ಕೇಳುವುದಿಲ್ಲ. ಟಿಕೆಟ್ ಹೇಗೆ ತೆಗೆಯುವುದು ಅಂತ ಮಗನಿಂದ ಒಂದು ಸಲ ಕಲಿತುಕೊಳ್ಳಿ.

ಈಗ ಮೊಣಕಾಲು. ನಾನು ಡಾಕ್ಟರಲ್ಲ. ನೋವಿನ ವಿಷಯ ಹೊರಡುವ ಮೊದಲು ನಿಮ್ಮ ಡಾಕ್ಟರ ಹತ್ತಿರ ಮಾತಾಡಿ. ನಾನು ನೋಡಿದ್ದನ್ನು ಹೇಳುತ್ತೇನೆ. ಮನೆಯಲ್ಲಿ ದಿನಾ ನಾಲ್ಕು ಕಿಲೋಮೀಟರ್ ನಡೆಯುವವರೂ ಇಲ್ಲಿ ಎರಡಕ್ಕೇ ಸೋಲುತ್ತಾರೆ. ಯಾಕೆ? ನಡೆಯುವುದಕ್ಕಿಂತ ನಿಲ್ಲುವುದೇ ಜಾಸ್ತಿ ನೋಯಿಸುತ್ತದೆ. 36 ಜಾಗ ಅಂದರೆ 36 ಸಲ ನಿಲ್ಲಬೇಕು. ಪ್ರತಿ ಸಲ ಐದು ನಿಮಿಷ ಅಂದರೂ ಮೂರು ಗಂಟೆ ಬರೀ ನಿಂತಿರುವುದಕ್ಕೇ ಆಯಿತು. ಅದರ ಮೇಲೆ ಹಳೇ ಬೀದಿಗಳಲ್ಲಿ ಉಬ್ಬು ತಗ್ಗಿನ ಕಲ್ಲುಹಾಸು, ಏಪ್ರಿಲ್‌ನ ಚಳಿ ಬೇರೆ. ಏಪ್ರಿಲ್ ತನಗೆ ತೋಚಿದ್ದನ್ನೇ ಮಾಡುತ್ತದೆ ಅಂತ ಜರ್ಮನರಲ್ಲೇ ಒಂದು ಗಾದೆ ಇದೆ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಆಲಿಕಲ್ಲು. ಒಂದೇ ದಪ್ಪ ಜಾಕೆಟ್ಟಿಗಿಂತ ಎರಡು ಮೂರು ತೆಳು ಬಟ್ಟೆ ಒಂದರ ಮೇಲೊಂದು ಹಾಕುವುದು ಮೇಲು. ಪ್ರಯಾಣಕ್ಕೆ ಅಂತ ಹೊಸ ಶೂ ಕೊಂಡಿದ್ದರೆ ದಯವಿಟ್ಟು ಊರಲ್ಲೇ ಹದಿನೈದು ದಿನ ಹಾಕಿ ಪಳಗಿಸಿ.

ಹಾಗಾಗಿ ನನ್ನ ಸಲಹೆ: ಒಂದನೇ ನಂಬರಿನಿಂದ ಶುರು ಮಾಡಬೇಡಿ. ಮೂವತ್ತಾರೂ ಮುಗಿಸುವ ಹಟ ಬೇಡ. ದಾರದ ಮೊದಲ ಭಾಗದಲ್ಲಿ ಅಂಗಡಿ ಬೀದಿ ಜಾಸ್ತಿ. ಒಪೆರಾ ಹೌಸ್ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಕಾಲಿನ ಶಕ್ತಿಯನ್ನು ಅಲ್ಲಿ ಖರ್ಚು ಮಾಡಿದರೆ ನಿಜವಾಗಿ ನೋಡಬೇಕಾದ ಕಡೆ ಬೆಂಚು ಹುಡುಕುತ್ತಾ ಕೂರುತ್ತೀರಿ. ನಿಲ್ದಾಣದಿಂದ 1, 2 ಅಥವಾ 8ನೇ ನಂಬರಿನ ಟ್ರಾಮ್ ಹಿಡಿದು 'ಏಗಿಡಿಯೆನ್‌ಟೋರ್‌ಪ್ಲಾಟ್ಸ್' ಅನ್ನುವಲ್ಲಿ ಇಳಿಯಿರಿ. ಹೆಸರು ಬಾಯಿಗೆ ಬರದಿದ್ದರೆ ಚೀಟಿಯಲ್ಲಿ ಬರೆಸಿಕೊಳ್ಳಿ. ಎರಡನೇ ಸ್ಟಾಪು ಅದು, ಮೊದಲನೆಯದು ಕ್ರೋಪ್ಕೆ.

ಅಲ್ಲಿಂದ ಸ್ವಲ್ಪ ನಡೆದರೆ ಏಗಿಡಿಯೆನ್ ಚರ್ಚು. ನಾಲ್ಕು ಗೋಡೆ ಇದೆ, ಸೂರು ಇಲ್ಲ. 1943ರ ಅಕ್ಟೋಬರ್‌ನಲ್ಲಿ ಒಂದು ರಾತ್ರಿ ಬಾಂಬ್ ಬಿದ್ದು ಸುಟ್ಟಿತು. ಯುದ್ಧ ಮುಗಿದ ಮೇಲೆ ಬೇಕೆಂದೇ ಹಾಗೇ ಬಿಟ್ಟರು. ಒಳಗೆ ಹೋದರೆ ಕಿಟಕಿಗಳಿದ್ದ ಜಾಗದಲ್ಲಿ ಆಕಾಶ ಕಾಣುತ್ತದೆ. ಗೋಪುರದ ಹತ್ತಿರ ಒಂದು ಗಂಟೆ ತೂಗುಹಾಕಿದ್ದಾರೆ, ನೋಡಿದ ಕೂಡಲೇ ಇದು ಇಲ್ಲಿಯದಲ್ಲ ಅಂತ ಗೊತ್ತಾಗುತ್ತದೆ. ಜಪಾನಿನ ಹಿರೋಷಿಮಾ ನಗರ 1985ರಲ್ಲಿ ಕೊಟ್ಟದ್ದು. ಎರಡೂ ಊರುಗಳ ನಡುವೆ 1983ರಿಂದ ಸೋದರ ನಗರದ ಸಂಬಂಧ. ಪ್ರತಿ ವರ್ಷ ಆಗಸ್ಟ್ 6ರಂದು ಅಲ್ಲಿ ಹಿರೋಷಿಮಾ ಮೇಲೆ ಅಣುಬಾಂಬ್ ಬಿದ್ದ ದಿನವನ್ನು ನೆನೆಯುತ್ತಾರೆ. ಇಲ್ಲಿ ಗೈಡ್ ಇದ್ದರೆ ಮಾತಾಡುತ್ತಾರೆ. ಇಲ್ಲದಿದ್ದರೆ ಸುಮ್ನೆ ನಿಲ್ಲಬಹುದು. ಈ ಒಂದು ಜಾಗಕ್ಕೆ ಗೈಡ್ ಇಲ್ಲದಿರುವುದೇ ಒಳ್ಳೆಯದು ಅಂತ ನನಗೆ ಯಾವಾಗಲೂ ಅನ್ನಿಸಿದೆ.

ಮುಂದಿನದು ಹೊಸ ರಾಟ್‌ಹೌಸ್. (ಹೆಸರು ಕೇಳಿ ನಮ್ಮವರೆಲ್ಲ ಇಲಿಯ ಮನೆಯಾ ಅಂತ ನಗುತ್ತಾರೆ. ಹಾಗಂದರೆ ನಗರಪಾಲಿಕೆ.) ಹೊಸದು ಅಂದರೂ 1913ರದ್ದು. ನೋಡಲು ಅರಮನೆ. ಕೆಸರು ನೆಲದಲ್ಲಿ 6026 ಬೀಚ್ ಮರದ ಕಂಬಗಳನ್ನು ಹೂತು ಅದರ ಮೇಲೆ ಕಟ್ಟಿದ್ದಾರೆ. ಉದ್ಘಾಟನೆಗೆ ಬಂದ ಕೈಸರನಿಗೆ, ಅಂದರೆ ಜರ್ಮನಿಯ ಚಕ್ರವರ್ತಿಗೆ, ಹೈನ್ರಿಶ್ ಟ್ರಾಮ್ ಅನ್ನುವ ನಗರದ ಮುಖ್ಯಸ್ಥ "ಒಂದು ಕೋಟಿ ಮಾರ್ಕ್, ಮಹಾಪ್ರಭು, ಎಲ್ಲ ನಗದು" ಅಂದನಂತೆ. ಹ್ಯಾನೋವರ್‌ನವರು ಈ ಕಥೆಯನ್ನು ಇವತ್ತಿಗೂ ಖುಷಿಯಿಂದ ಹೇಳುತ್ತಾರೆ. ಸಾಲ ಮಾಡದೆ ಕಟ್ಟಿದ್ದಕ್ಕೆ ಅವರಿಗೆ ಅಷ್ಟು ಹೆಮ್ಮೆ.

ಒಳಗೆ ಹೋಗಲು ದುಡ್ಡಿಲ್ಲ. ನೀವು ಅವಸರ ಮಾಡದೆ ನೋಡಬೇಕಾದ ಜಾಗ ಇದೇ. ಗುಮ್ಮಟದ ಕೆಳಗಿನ ಹಜಾರದಲ್ಲಿ ಊರಿನ ನಾಲ್ಕು ಮಾದರಿಗಳಿವೆ, ಒಂದೊಂದೂ ದೊಡ್ಡ ಮೇಜಿನಷ್ಟಿದೆ. 1689ರ ಊರು, ಕೋಟೆಗೋಡೆಯ ಒಳಗೆ. 1939ರದ್ದು, ಒತ್ತೊತ್ತಾಗಿ ಕೆಂಪು ಮಾಡು. ಅದರ ಪಕ್ಕ 1945. ಕೊನೆಗೆ ಇವತ್ತಿನದು. 1939ರಿಂದ 1945ಕ್ಕೆ ಹೆಜ್ಜೆ ಇಡುವಾಗ ಯಾರಿಗೂ ವಿವರಣೆ ಬೇಕಾಗುವುದಿಲ್ಲ. ಎರಡನೆಯದರಲ್ಲಿ ಮನೆಗಳಿಲ್ಲ, ಮನೆಯ ಗೋಡೆಗಳ ಅಂಚು ಮಾತ್ರ ಇದೆ, ಸಾಲು ಸಾಲು ಖಾಲಿ ಬೆಂಕಿಪೊಟ್ಟಣಗಳ ಹಾಗೆ. ಈಗಷ್ಟೇ ನಿಂತು ಬಂದ ಚರ್ಚನ್ನು ಅದರಲ್ಲಿ ಹುಡುಕಿ, ಸಿಗುತ್ತದೆ. ಆಮೇಲೆ ನೀವು ಮುಂದೆ ಹೋಗಲಿರುವ ಮಾರುಕಟ್ಟೆ ಚರ್ಚನ್ನು ಹುಡುಕಿ. ನಾಲ್ಕೂ ಮಾದರಿಯಲ್ಲಿ ಅದನ್ನು ಗುರುತಿಸಿಟ್ಟುಕೊಂಡರೆ ಉಳಿದ ದಾರಿಗೆ ಗೈಡ್ ಬೇಕಾಗುವುದಿಲ್ಲ.

ಗುಮ್ಮಟಕ್ಕೆ ಹೋಗುವ ಲಿಫ್ಟ್ ನೆಟ್ಟಗೆ ಏರುವುದಿಲ್ಲ, ಗುಮ್ಮಟದ ಬಾಗಿಗೆ ತಕ್ಕಂತೆ ವಾಲಿಕೊಂಡು ಏರುತ್ತದೆ. ತಲೆಸುತ್ತು ಬರುವವರಿಗೆ ಬೇಡ. ಲಿಫ್ಟ್ ಇಳಿದ ಮೇಲೂ ಸುರುಳಿ ಮೆಟ್ಟಿಲು ಹತ್ತಬೇಕು, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ನಿಮ್ಮ ಯಜಮಾನರು ಕೆಳಗೆ ಕೂರಲಿ, ನೀವು ಹೋಗಿ ಬನ್ನಿ. ಲಿಫ್ಟ್ ಎಲ್ಲ ಕಾಲದಲ್ಲೂ ಓಡುವುದಿಲ್ಲ, ಅವತ್ತು ಇದೆಯಾ ಅಂತ ಮಗ ಮೊದಲೇ ನೋಡಿಟ್ಟಿರಲಿ.

ಇನ್ನು ಆ 'ಡೂಪ್ಲಿಕೇಟು' ಮಾತು. ನಿಮ್ಮ ಪರಿಚಯದವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಬಾಂಬಿಗೆ ಒಳನಗರದ ಬಹುಪಾಲು ಹೋಯಿತು. ಇವತ್ತು 'ಹಳೇ ಪಟ್ಟಣ' ಅಂತ ತೋರಿಸುವ ಕ್ರಾಮರ್‌ಸ್ಟ್ರಾಸೆ, ಬುರ್ಗ್‌ಸ್ಟ್ರಾಸೆ ಬೀದಿಗಳಲ್ಲಿ ಮರದ ಚೌಕಟ್ಟಿನ ಮನೆಗಳು ಸಾಲಾಗಿ ನಿಂತಿವೆ. ಅವುಗಳಲ್ಲಿ ಕೆಲವು ಅಲ್ಲಿಯವೇ. ಕೆಲವನ್ನು ಯುದ್ಧದ ನಂತರ ಊರಿನ ಬೇರೆ ಮೂಲೆಗಳಿಂದ ಬಿಚ್ಚಿ ತಂದು ಇಲ್ಲಿ ಜೋಡಿಸಿದರು. ಚದುರಿ ಹೋಗಿ ಉಳಿದದ್ದನ್ನು ಒಂದೇ ಕಡೆ ಒಟ್ಟುಮಾಡಿದ ಹಾಗೆ. ಮಣಿಪಾಲದ ಹೆರಿಟೇಜ್ ವಿಲೇಜ್ ನೋಡಿದ್ದರೆ ನಿಮಗೆ ತಕ್ಷಣ ಅರ್ಥವಾಗುತ್ತದೆ. ಮನೆ ಹಳೆಯದೇ, ವಿಳಾಸ ಹೊಸದು. ಇದನ್ನು ಡೂಪ್ಲಿಕೇಟು ಅನ್ನಬೇಕೋ ಬೇಡವೋ, ಆ ಬೀದಿಯಲ್ಲಿ ನಿಂತು ನೀವೇ ಹೇಳಿ. ಬುರ್ಗ್‌ಸ್ಟ್ರಾಸೆಯಲ್ಲಿ 1566ರ ಮನೆ ಒಂದಿದೆ, ಊರಿನಲ್ಲಿ ಉಳಿದಿರುವ ಇಂಥ ಮನೆಗಳಲ್ಲಿ ಅದೇ ಹಳೆಯದು.

ಆದರೆ ಲೈಬ್ನಿಟ್ಸ್ ಮನೆಯ ಕಥೆ ಬೇರೆ. ಮಗನ ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟವನು ಇವನೇ, 0 ಮತ್ತು 1 ಎರಡೇ ಅಂಕಿಯಲ್ಲಿ ಎಲ್ಲ ಲೆಕ್ಕ ಬರೆಯಬಹುದು ಅಂತ ತೋರಿಸಿದವನು. 1676ರಿಂದ 1716ರಲ್ಲಿ ಸಾಯುವವರೆಗೆ ಹ್ಯಾನೋವರ್ ಅರಸರ ಕೆಲಸದಲ್ಲಿದ್ದ. ಅವನು ವಾಸವಾಗಿದ್ದ ಮನೆ 1943ರಲ್ಲಿ ಸುಟ್ಟುಹೋಯಿತು. ಈಗ ಹೋಲ್ಟ್ಸ್‌ಮಾರ್ಕ್ಟ್ ಚೌಕದಲ್ಲಿರುವುದು 1983ರಲ್ಲಿ ಕಟ್ಟಿ ಮುಗಿಸಿದ ಮುಂಭಾಗದ ನಕಲು, ಅದೂ ಬೇರೆ ಜಾಗದಲ್ಲಿ. ಇದನ್ನು ಬೇಕಾದರೆ ಡೂಪ್ಲಿಕೇಟು ಅನ್ನಿ, ನಾನು ಜಗಳಕ್ಕೆ ಬರುವುದಿಲ್ಲ. ಅದೇ ಚೌಕದ ಕಾರಂಜಿಯ ಕಬ್ಬಿಣದ ಕಟಕಟೆಯಲ್ಲಿ ಒಂದು ಉಂಗುರ ಇದೆ, ತಿರುಗಿಸಿ ಹರಕೆ ಹೊತ್ತರೆ ಆಗುತ್ತದಂತೆ. ಎಲ್ಲರ ಕೈ ತಾಗಿ ಹೊಳೆಯುತ್ತಿರುತ್ತದೆ. ಮಗನ ಪರೀಕ್ಷೆಗೆ ಒಂದು ಸಲ ತಿರುಗಿಸಿ ಬನ್ನಿ.

ಮಾರುಕಟ್ಟೆ ಚರ್ಚು ಹದಿನಾಲ್ಕನೇ ಶತಮಾನದ್ದು, ಕೆಂಪು ಇಟ್ಟಿಗೆಯದು. ಗೋಪುರದ ತುದಿ ಮೈಗೆ ಹೋಲಿಸಿದರೆ ಚಿಕ್ಕದು, ದೊಡ್ಡವರ ಮೈಗೆ ಮಗುವಿನ ಟೋಪಿ ಹಾಕಿದ ಹಾಗೆ. ಕಟ್ಟುವವರು ದಣಿದಿದ್ದರು, ಹಣದ ಚೀಲಕ್ಕೂ ಕಾಯಿಲೆಯಾಗಿತ್ತು ಅಂತ ಊರವರು ಕಾರಣ ಹೇಳುತ್ತಾರೆ. ಒಳಗೆ ಬೆಂಚುಗಳಿವೆ, ನೆಮ್ಮದಿಯಾಗಿ ಕೂತುಕೊಳ್ಳಿ. ಪ್ರಾರ್ಥನೆ ನಡೆಯುವಾಗ ಮಾತ್ರ ಓಡಾಡಬೇಡಿ.

ಊಟದ ಲೆಕ್ಕ ಇಲ್ಲೇ ಬರುತ್ತದೆ, ಯಜಮಾನರಿಗೆ ಶುಗರ್ ಇರುವುದರಿಂದ ಇದು ಸಣ್ಣ ವಿಷಯವಲ್ಲ. ಚರ್ಚಿನಿಂದ ಎರಡು ಮೂರು ನಿಮಿಷದಲ್ಲಿ ಮಾರ್ಕ್ಟ್‌ಹಾಲೆ ಇದೆ, ಸೂರಿನಡಿಯ ಮಾರುಕಟ್ಟೆ. ಊರಿನ ಹೊಟ್ಟೆ ಅಂತ ಅದಕ್ಕೆ ಅಡ್ಡಹೆಸರು. ಸಸ್ಯಾಹಾರಕ್ಕೂ ಅಲ್ಲಿ ಪರದಾಡಬೇಕಿಲ್ಲ, ಸೂಪಿಗೆ ಮಾತ್ರ ಮಾಂಸ ಹಾಕಿದ್ದಾರಾ ಅಂತ ಕೇಳಿ. ಆದರೆ ಭಾನುವಾರ ಅದು ಮುಚ್ಚಿರುತ್ತದೆ. ಭಾನುವಾರ ಜರ್ಮನಿಯಲ್ಲಿ ಅಂಗಡಿಗಳೇ ಬಾಗಿಲು ಹಾಕುತ್ತವೆ, ರೈಲು ನಿಲ್ದಾಣದೊಳಗಿನಂಥ ಕೆಲವು ಮಾತ್ರ ತೆರೆದಿರುತ್ತವೆ. ಅದಕ್ಕೇ ವಾರದ ನಡುವೆ ಹೋಗಿ. ಹೇಗಿದ್ದರೂ ಮಗ ಜೊತೆಗೆ ಬರುವುದಿಲ್ಲ, ಅಲ್ವಾ? ಚೀಲದಲ್ಲಿ ಚಪಾತಿ ರೋಲ್, ನೀರು, ಎರಡು ಗ್ಲೂಕೋಸ್ ಬಿಸ್ಕತ್ತು ಇರಲಿ. ನಲ್ಲಿ ನೀರು ಕುಡಿಯಬಹುದು, ಬಾಟಲಿ ತುಂಬಿಸಿಕೊಂಡೇ ಹೊರಡಿ, ಹೋಟೆಲಿನಲ್ಲಿ ನೀರಿಗೂ ಕಾಸು. ಶೌಚಾಲಯಕ್ಕೆ 50 ಸೆಂಟಿನ, ಒಂದು ಯೂರೋದ ಚಿಲ್ಲರೆ ಜೇಬಿನಲ್ಲಿರಲಿ. ಕಾಫಿ ಕುಡಿದ ಕಡೆಯೇ ಆ ಕೆಲಸ ಮುಗಿಸಿಕೊಳ್ಳುವುದು ಜಾಣತನ.

ಇಷ್ಟಾದರೆ ಒಂದು ದಿನಕ್ಕೆ ಸಾಕು. ಲೈನೆ ನದಿಯ ದಂಡೆಯನ್ನು ಶನಿವಾರಕ್ಕೆ ಇಟ್ಟುಕೊಳ್ಳಿ. 1967ರಿಂದ ಅಲ್ಲಿ ಶನಿವಾರದ ಹಳೇ ಸಾಮಾನಿನ ಸಂತೆ ನಡೆಯುತ್ತದೆ, ಜರ್ಮನಿಗೇ ಹಳೆಯದು. ಸಂತೆಯ ಪಕ್ಕದಲ್ಲಿ ಮೂರು ದಢೂತಿ ಹೆಂಗಸರ ಬೊಂಬೆಗಳು, ಮೈತುಂಬ ಬಣ್ಣ, ಕುಣಿಯುವ ಭಂಗಿ. ಅವುಗಳಿಗೆ 'ನಾನಾ' ಅಂತಾರೆ. ನಿಕಿ ಡಿ ಸೇಂಟ್ ಫಾಲ್ ಅನ್ನುವ ಕಲಾವಿದೆ ಮಾಡಿದ್ದು. 1974ರಲ್ಲಿ ಇಟ್ಟಾಗ ಊರವರು ಗಲಾಟೆ ಮಾಡಿದ್ದರು, ಈಗ ತೆಗೆಯುತ್ತೇವೆ ಅಂದರೆ ಗಲಾಟೆ ಮಾಡುತ್ತಾರೆ. ಅವರ ಹೆಸರು ಸೋಫಿ, ಶಾರ್ಲೊಟೆ, ಕಾರೊಲಿನೆ. ಕೊನೆಯವಳ ಹೆಸರು ಕಾರೊಲಿನೆ ಹೆರ್ಶೆಲ್‌ಳದ್ದು. 1750ರಲ್ಲಿ ಇದೇ ಊರಲ್ಲಿ ಹುಟ್ಟಿ, ಆಕಾಶ ನೋಡುತ್ತಾ ಧೂಮಕೇತುಗಳನ್ನು ಕಂಡುಹಿಡಿದವಳು. ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹೆರ್ಶೆಲ್‌ನ ತಂಗಿ. ಮಕ್ಕಳಿಗೆ ಪಾಠ ಹೇಳಿದ ನೀವು ಅಣ್ಣನ ಹೆಸರು ನೂರು ಸಲ ಹೇಳಿರುತ್ತೀರಿ. ತಂಗಿಯನ್ನು ಇಲ್ಲಿ ನೋಡಿ.

ನಾದಿನಿಯ ಮಾತಿಗೂ ಉತ್ತರ ಕೊಡಬೇಕು. ಗೈಡ್ ಜೊತೆ ಗುಂಪಿನಲ್ಲಿ ಹೋಗಬಹುದು, ಇಂಗ್ಲಿಷ್‌ನಲ್ಲಿ ಇದೆಯಾ ಅಂತ ಮಾಹಿತಿ ಕೇಂದ್ರದಲ್ಲಿ ಕೇಳಿ. ಲಾಭ ಏನೆಂದರೆ ಒಳ್ಳೆಯ ಗೈಡ್ ಸಿಕ್ಕರೆ ಕಥೆ ಕೇಳಿಸುತ್ತಾರೆ. ಕಷ್ಟ ಏನೆಂದರೆ ಗುಂಪು ನಿಮ್ಮ ಮೊಣಕಾಲಿಗೆ ಕಾಯುವುದಿಲ್ಲ. ನೀವು ಕೂತಾಗ ಅವರು ಮುಂದಿನ ಬೀದಿಯಲ್ಲಿರುತ್ತಾರೆ. ಖಾಸಗಿ ಗೈಡ್ ಆದರೆ ಕಾಯುತ್ತಾರೆ, ಇಬ್ಬರಿಗೇ ಅಂದರೆ ದುಬಾರಿ. ಮೊಬೈಲ್‌ನಲ್ಲಿ ಕೇಳಿಕೊಂಡು ಹೋಗುವವರೂ ಇದ್ದಾರೆ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿದರೆ ಆ ಸೈಕಲ್ ಗಂಟೆ ಕೇಳಿಸುವುದಿಲ್ಲ. ನೀವು ಮೂರು ವಾರ ಇರುವವರು. ಒಂದೇ ದಿನಕ್ಕೆ ಬಂದವರಿಗೆ ನಾನು ಗೈಡ್ ತೆಗೆದುಕೊಳ್ಳಿ ಅನ್ನುತ್ತಿದ್ದೆ. ನಿಮಗೆ ಪುಸ್ತಕ ಸಾಕು.

ಮುಗಿಸಿದ ಮೇಲೆ ಮಗನನ್ನು ಎಲ್ಲಿ ಕಾಣುವುದು ಅಂತ ಮೊದಲೇ ಗೊತ್ತುಮಾಡಿಕೊಳ್ಳಿ. ನಿಲ್ದಾಣದ ಮುಂದೆ ಕುದುರೆ ಏರಿದ ರಾಜ ಎರ್ನ್ಸ್ಟ್ ಆಗಸ್ಟ್‌ನ ಪ್ರತಿಮೆ ಇದೆ, 1861ರದ್ದು. ಕೆಂಪು ದಾರ ಮುಗಿಯುವುದೂ ಅಲ್ಲೇ. ಹ್ಯಾನೋವರ್‌ನವರು ಯಾರನ್ನಾದರೂ ಭೇಟಿಯಾಗುವಾಗ "ಬಾಲದ ಕೆಳಗೆ ಸಿಗೋಣ" ಅಂತಾರೆ. ಕುದುರೆಯ ಬಾಲ. ಮಗನಿಗೂ ಹಾಗೇ ಮೆಸೇಜ್ ಕಳಿಸಿ: ಐದು ಗಂಟೆಗೆ ಬಾಲದ ಕೆಳಗೆ ಇರ್ತೀವಿ, ತಡ ಮಾಡಬೇಡ, ಅಪ್ಪನಿಗೆ ಕಾಲು ನೋಯ್ತಿರುತ್ತೆ.